ನಮ್ಮ ಮನೆಯ ಎರಡನೆಯ ಒಲೆ

ಸಭೆಯ ಅಧ್ಯಕ್ಷರೇ, ಶಿವಮೊಗ್ಗದಿಂದ ಇಷ್ಟು ದೂರ ಬಂದಿರುವ ಮುಖ್ಯ ಅತಿಥಿಗಳೇ, ನಮ್ಮ ಹೊಸನಗರದ ಮಹಿಳಾ ಸಂಘದ ಪದಾಧಿಕಾರಿಗಳೇ, ಅಡುಗೆಯ ಕಡೆಯಿಂದ ಬರುತ್ತಿರುವ ವಾಸನೆಗೆ ಆಗಲೇ ಅರ್ಧ ಎದ್ದು ನಿಂತಿರುವ ಸಭಿಕರೇ,

ಕೂತುಕೊಳ್ಳಿ. ಊಟಕ್ಕೆ ಇನ್ನೂ ಹೊತ್ತಿದೆ.

ಮಾದರಿ ಕೂಡುಕುಟುಂಬ ಎಂದು ನೀವು ಇವತ್ತು ನಮ್ಮ ಮನೆಯನ್ನು ಸನ್ಮಾನಿಸಿದ್ದೀರಿ. ಶಾಲು ಹೊದಿಸಿದ್ದೀರಿ, ಹಣ್ಣಿನ ಬುಟ್ಟಿ ಕೊಟ್ಟಿದ್ದೀರಿ. ಸಂತೋಷ. ಆದರೆ ನನ್ನನ್ನು ಪರಿಚಯಿಸಿದ ಚೈತ್ರಾ ಒಂದು ತಪ್ಪು ಹೇಳಿದಳು. "ಗಂಗಮ್ಮನವರ ಮನೆಯಲ್ಲಿ ಹದಿನಾರು ಜನರಿಗೆ ಇಂದಿಗೂ ಒಂದೇ ಒಲೆ" ಎಂದಳು. ನೀವು ಚಪ್ಪಾಳೆ ತಟ್ಟಿದಿರಿ. ನಮ್ಮ ಮನೆಯಲ್ಲಿ ಎರಡು ಒಲೆಗಳಿವೆ. ಇದನ್ನು ನಾನು ಈಗ ಹೇಳದಿದ್ದರೆ ನಾಳೆ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಬೇರೆಯವರು ಹೇಳುತ್ತಾರೆ. ಅವರಿಗೆ ಆ ಶ್ರಮ ಬೇಡ. ಹಾಗೆಂದು ಶಾಲು ಹಿಂದಕ್ಕೆ ಕೊಡುತ್ತೇನೆ ಎಂದುಕೊಳ್ಳಬೇಡಿ. ಕೊಡುವುದಿಲ್ಲ.

ಒಲೆ ಬೇರೆಯಾಯಿತು ಎಂದರೆ ನಮ್ಮ ಕಡೆ ಅರ್ಥವೇನು? ಮನೆ ಒಡೆಯಿತು ಎಂದು. ಗದ್ದೆ ಪಾಲಾಗುವ ಮೊದಲು ಒಲೆ ಪಾಲಾಗುತ್ತದೆ. ನನ್ನ ಅತ್ತೆ ಕೆರಿಯಮ್ಮ ಅಡುಗೆಮನೆಯನ್ನು ನನಗೆ ಒಪ್ಪಿಸಿದಾಗ, "ಗಂಗಾ, ಜಗಳ ಎಷ್ಟಾದ್ರೂ ಮಾಡ್ಕಳಿ, ಉಣ್ಣೋದು ಮಾತ್ರ ಒಂದೇ ಪಾತ್ರೆದು" ಎಂದಿದ್ದರು. ನಾನು ಆಗ ಹತ್ತನೆಯ ತರಗತಿ ಪಾಸಾಗಿ ಬಂದ ಹುಡುಗಿ. ಟೀಚರ್ ಟ್ರೈನಿಂಗಿಗೆ ಶಿವಮೊಗ್ಗಕ್ಕೆ ಕಳಿಸುವ ಮಾತು ತವರಿನಲ್ಲಿ ನಡೆದಿತ್ತು. ಅರ್ಜಿಯನ್ನೂ ತಂದಿದ್ದರು. ಅಷ್ಟರಲ್ಲಿ ಮದುವೆಯಾಯಿತು. ಅದರ ಬಗ್ಗೆ ನನಗೇನೂ ಬೇಸರವಿಲ್ಲ. ಒಲೆ ಸಿಕ್ಕಿತು, ಅದನ್ನು ಒಡೆಯದೆ ಕಾಪಾಡಿದೆ.

ನನ್ನ ದೊಡ್ಡ ಮಗನ ಮಗಳು ಬಿಂದುಶ್ರೀ. ಇಪ್ಪತ್ತಮೂರು ವರ್ಷ. ತೀರ್ಥಹಳ್ಳಿಯ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದಳು. ಕೆಲಸಕ್ಕೆ ಸೇರಿದ ವರ್ಷವೇ ಇಳಿಯುತ್ತಾ ಬಂದಳು. ಹೊಟ್ಟೆ ಉಬ್ಬರ, ಭೇದಿ, ಬಾಯಿ ತುಂಬ ಹುಣ್ಣು, ಬಾಚಿದರೆ ಕೈಗೆ ಬರುವ ಕೂದಲು. ಹೋಟೆಲಿನ ಊಟ ಎಂದೆವು. ಮನೆಗೆ ಕರೆದುಕೊಂಡು ಬಂದೆವು. ಮನೆಯ ಊಟದಲ್ಲಿ ಇನ್ನೂ ಇಳಿದಳು. ಕೊನೆಗೆ ಮಂಗಳೂರಿನಲ್ಲಿ ಒಬ್ಬ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಬಾಯಿಯಿಂದ ನಳಿಗೆ ಇಳಿಸಿ ಕರುಳಿನ ಚೂರು ತೆಗೆದು ನೋಡಿದರು. ಸೀಲಿಯಾಕ್ ಎಂದರು. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಇರುತ್ತದಂತೆ. ಈ ಕಾಯಿಲೆ ಇದ್ದವರು ಅದನ್ನು ತಿಂದರೆ ಅವರ ಕರುಳಿನ ಒಳಪದರ ಸವೆದುಹೋಗುತ್ತದಂತೆ. ಗೋಧಿ ಬಿಡಬೇಕು, ಜೀವಮಾನವಿಡೀ ಬಿಡಬೇಕು ಎಂದರು.

ನನಗೆ ನಗು ಬಂತು. ಅನ್ನ, ಅಕ್ಕಿ ರೊಟ್ಟಿ, ಕಡುಬು ತಿನ್ನುವ ಮನೆ ನಮ್ಮದು. ಗೋಧಿ ಎಲ್ಲಿದೆ?

ಎಲ್ಲಿತ್ತು ಗೊತ್ತೇ? ನನ್ನ ಮೈದುನ ನಾಗರಾಜಪ್ಪನಿಗೆ ಸಕ್ಕರೆ ಕಾಯಿಲೆ, ಅವನ ಚಪಾತಿಯಲ್ಲಿತ್ತು. ಆ ಚಪಾತಿ ಬೇಯಿಸಿದ ಕಾವಲಿಯಲ್ಲೇ ಅವಳ ರೊಟ್ಟಿಯೂ ಬೇಯುತ್ತಿತ್ತು. ಮೀನು ಹುರಿಯುವಾಗ ಹೊರಳಿಸುವ ರವೆಯಲ್ಲಿತ್ತು. ಎಷ್ಟೋ ಇಂಗಿನ ಡಬ್ಬಿಗಳಲ್ಲಿ ಗೋಧಿ ಹಿಟ್ಟು ಬೆರೆಸಿರುತ್ತಾರಂತೆ. ನಾನು ಸಾರಿಗೆ ಹಾಕುತ್ತಿದ್ದ ಇಂಗಿನಲ್ಲೂ ಇತ್ತು. ಅದೇ ಸಾರನ್ನು ನಾನು ಅವಳಿಗೆ ಪಥ್ಯ ಎಂದು ಬಡಿಸುತ್ತಿದ್ದೆ.

ಇಂಗು ನಿಲ್ಲಿಸಿದೆ. ರವೆ ನಿಲ್ಲಿಸಿದೆ. ಆದರೂ ಅವಳು ಚೇತರಿಸಿಕೊಳ್ಳಲಿಲ್ಲ. ಆಗ ಒಂದು ದಿನ ಬಂದು ನನ್ನ ಮುಂದೆ ನಿಂತಳು.

"ಅಜ್ಜಿ, ನಂಗೊಂದು ಒಲೆ ಬೇಕು."

"ನನ್ನ ಅಡಿಗೆ ಮೇಲೆ ಅನುಮಾನನೇನೇ?"

"ಅಡಿಗೆ ಮೇಲಲ್ಲ ಅಜ್ಜಿ, ಕಾವಲಿ ಮೇಲೆ."

ನಾಗರಾಜಪ್ಪ ಊಟಕ್ಕೆ ಕೂತವನು ಕೈ ತಡೆದ. "ಅತ್ಗೆ, ಇವತ್ತು ಒಲೆ, ನಾಳೆ ಪಾಲು. ಮದ್ವೆ ಆಗ್ದಿರೋ ಹುಡ್ಗಿ ಬೇರೆ ಒಲೆ ಹೂಡಿದ್ಲು ಅಂದ್ರೆ ಊರಲ್ಲಿ ಏನಂತಾರೆ?"

"ನಿನ್ನ ಚಪಾತಿ ಬಿಡ್ತೀಯೇನೋ?" ಎಂದು ಕೇಳಿದೆ. ಅವನು ಊಟ ಮುಂದುವರಿಸಿದ.

ಹಿತ್ತಲ ಕಡೆಯ ಕೋಣೆಯಲ್ಲಿ ಅವಳಿಗೆ ಒಂದು ಗ್ಯಾಸ್ ಒಲೆ ಇಡಿಸಿಕೊಟ್ಟೆ. ಹೊಸ ಪಾತ್ರೆ, ಹೊಸ ಕಾವಲಿ, ಉಪ್ಪಿನ ಮರಿಗೆ ಕೂಡ ಬೇರೆ. ಆ ಕೋಣೆಗೆ ನಮ್ಮ ಸೌಟು ಹೋಗುವಂತಿಲ್ಲ. ನಾನು ಕಟ್ಟಿ ಬೆಳೆಸಿದ ಅಡುಗೆಮನೆಯ ಸೌಟು ಮೈಲಿಗೆಯಾಯಿತು. ಅದರ ಬಗ್ಗೆಯೂ ನನಗೇನೂ ಬೇಸರವಿಲ್ಲ.

ಆರೇಳು ತಿಂಗಳು ಹೋಯಿತು. ಅವಳ ಒಲೆಯಲ್ಲಿ ಅವಳೇ ಬೇಯಿಸಿಕೊಂಡು ತಿಂದಳು. ತೂಕ ಏರಲಿಲ್ಲ, ಭೇದಿ ನಿಲ್ಲಲಿಲ್ಲ. ಆಗ ಮನೆಯಲ್ಲಿ ಗುಸುಗುಸು ಎದ್ದಿತು. ಕದ್ದು ತಿನ್ನುತ್ತಾಳೆ ಎಂದರು. ಪ್ರಾಯದ ಹುಡುಗಿ, ನಾಲಿಗೆ ಕೇಳಬೇಕಲ್ಲ ಎಂದರು. ಅವಳ ತಾಯಿ ಸುಷ್ಮಾ ಕೂಡ ಒಮ್ಮೆ, "ಬೇಕರಿದು ಏನಾದ್ರೂ ತಿಂದ್ಯೇನೇ, ನಿಜ ಹೇಳು" ಎಂದು ಕೇಳಿದಳು. ಹುಡುಗಿ ತಟ್ಟೆ ತೊಳೆದಿಟ್ಟು ಒಳಗೆ ಹೋದಳು.

ನಾನು ಯಾರನ್ನೂ ಕೇಳಲಿಲ್ಲ. ಕಾವಲು ಕೂತೆ. ಅವಳು ಬೇಯಿಸುವಾಗ ಬಾಗಿಲಲ್ಲಿ ಕೂತೆ. ಪೇಟೆಗೆ ಹೋದರೆ ಜೊತೆಗೆ ಹೋದೆ. ಅವಳ ಬ್ಯಾಗು ನೋಡಿದೆ, ಹಾಸಿಗೆಯ ಅಡಿಯೂ ನೋಡಿದೆ. ಮನೆಯ ಹಿರಿಯಳು ನೋಡದೆ ಇನ್ನು ಯಾರು ನೋಡಬೇಕು? ಅವಳಿಗೆ ಗೊತ್ತಿತ್ತು. ಒಂದು ದಿನ ಅವಳೇ ಬ್ಯಾಗನ್ನು ತಂದು ನನ್ನ ಮಡಿಲಿಗೆ ಸುರಿದಳು. "ನೋಡ್ಬಿಡಿ ಅಜ್ಜಿ, ಬಗ್ಗಿ ಬಗ್ಗಿ ಸೊಂಟ ಹಿಡ್ಕೊಂಡ್ರೆ ನಿಮ್ಗೆ ಬೇರೆ ಡಾಕ್ಟ್ರು ಹುಡುಕ್ಬೇಕು" ಎಂದಳು. ಅವಳ ಬಾಯಿ ನನ್ನದೇ.

ಮಂಗಳೂರಿಗೆ ಮತ್ತೆ ಹೋದೆವು. ಮತ್ತೆ ನಳಿಗೆ ಇಳಿಸಿದರು. ಕರುಳು ಮೊದಲಿದ್ದಂತೆಯೇ ಇತ್ತು. ಡಾಕ್ಟರಮ್ಮ ಹೇಳಿದರು: ಎಲ್ಲಿಂದಲೋ ಗೋಧಿ ಇನ್ನೂ ಹೊಟ್ಟೆಗೆ ಹೋಗುತ್ತಿರಬೇಕು, ಇಲ್ಲವೇ ಇದು ಪಥ್ಯಕ್ಕೆ ಬಗ್ಗದ ಜಾತಿಯದ್ದಿರಬೇಕು. ಅಪರೂಪಕ್ಕೆ ಹಾಗೂ ಆಗುತ್ತದೆ. ಎರಡನೆಯದಾದರೆ ಬೇರೆ ಔಷಧ ಶುರು ಮಾಡಬೇಕು. ಅದು ಸುಮ್ಮನೆ ಕೊಡುವ ಔಷಧವಲ್ಲ. ಆದ್ದರಿಂದ ಮೊದಲು ಖಾತ್ರಿಯಾಗಬೇಕು. "ನಿಜ ಹೇಳು ಬಿಂದು, ಹೊರಗಡೆ ಏನೂ ತಿಂದಿಲ್ವಾ?"

ಹುಡುಗಿ ಎಷ್ಟು ಜನಕ್ಕೆ ಎಷ್ಟು ಸಲ ಹೇಳುತ್ತಾಳೆ?

ನಾನು ಹೇಳಿದೆ. "ಅವಳು ತಿಂದಿಲ್ಲ. ನಾನು ಕಳ್ಳಿಯನ್ನ ಕಾದಂಗೆ ಕಾದಿದ್ದೀನಿ. ಒಂದು ಬಿಸ್ಕತ್ತಿನ ಚೂರೂ ತಿಂದಿಲ್ಲ."

ಡಾಕ್ಟರಮ್ಮ ಇನ್ನೂ ಕೆಲವು ಪರೀಕ್ಷೆ ಮಾಡಿಸಿದರು. ಆಮೇಲೆ ಔಷಧ ಬರೆದರು.

ಬರುವಾಗ ಬಸ್ಸಿನಲ್ಲಿ ಹುಡುಗಿ ನನ್ನ ಹೆಗಲಿಗೆ ತಲೆಯಿಟ್ಟು ಮಲಗಿದಳು. ನನಗೆ ಅಂಥದ್ದೆಲ್ಲ ಅಭ್ಯಾಸವಿಲ್ಲ. ಆದರೆ ತಲೆ ಸರಿಸಲಿಲ್ಲ.

ನಾಗರಾಜಪ್ಪ ಕೇಳಿದ: "ಪಥ್ಯದಿಂದ ಗುಣ ಆಗ್ಲಿಲ್ವಲ್ಲ ಅತ್ಗೆ, ಇನ್ನು ಆ ಒಲೆ ಯಾಕೆ? ಎತ್ತಿ." ಔಷಧದ ಜೊತೆಗೂ ಪಥ್ಯ ಬೇಕೇ ಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಅಷ್ಟೆಲ್ಲ ವಿವರಿಸುವ ತಾಳ್ಮೆ ನನಗಿಲ್ಲ. "ಎತ್ತೋದಾದ್ರೆ ನನ್ನ ಒಲೆ ಎತ್ತು" ಎಂದೆ. ಪಾಪ, ಅವನು ಇಲ್ಲೇ ಎರಡನೆಯ ಸಾಲಿನಲ್ಲಿ ಕೂತಿದ್ದಾನೆ. ಒಳ್ಳೆಯವನೇ.

ಈಗ ಗುಣವಾಗಿದೆಯೇ ಎಂದು ನೀವು ಕೇಳುತ್ತೀರಿ. ಆಗಿಲ್ಲ. ಎರಡು ವಾರ ಚೆನ್ನಾಗಿದ್ದರೆ ಒಂದು ವಾರ ಮಲಗುತ್ತಾಳೆ. ಗುಳಿಗೆಗೆ ಮುಖ ಸ್ವಲ್ಪ ಊದಿದೆ. ಮತ್ತೆ ಮತ್ತೆ ಪರೀಕ್ಷೆಗೆ ಹೋಗಬೇಕು. ಮೊದಲಿಗಿಂತ ಮೇಲು, ಅಷ್ಟೇ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ತೀರ್ಥಹಳ್ಳಿಗೆ ಹೋಗುತ್ತಾಳೆ. ಬಾಡಿಗೆ ಕೋಣೆ ನೋಡಿದ್ದಾಳೆ. ಅವಳ ಒಲೆಯೂ ಅವಳ ಜೊತೆಗೆ ಹೋಗುತ್ತದೆ. ಬೇಡ ಎಂದವರು ಮನೆಯಲ್ಲಿ ಇದ್ದರು. ಪಾಠ ಮಾಡಬಲ್ಲ ಹುಡುಗಿಯನ್ನು ಮನೆಯಲ್ಲಿ ಕೂರಿಸಬಾರದು ಎಂದು ನಾನು ಹೇಳಿದೆ. ಅವಳು ಹೋದ ಮೇಲೆ ನಮ್ಮ ಮನೆಯಲ್ಲಿ ಮತ್ತೆ ಒಂದೇ ಒಲೆ ಉಳಿಯುತ್ತದೆ. ಚೈತ್ರಾ, ನಿನ್ನ ಮಾತು ಆಗ ಸರಿಯಾಗುತ್ತದೆ. ಅದರಿಂದ ನನಗೇನೂ ಹೆಮ್ಮೆಯಿಲ್ಲ.

ಇನ್ನು ಒಂದೇ ವಿಷಯ. ಹೋದ ವರ್ಷ ಸಾಗರದಲ್ಲಿ ಒಂದು ಮದುವೆಗೆ ಹೋಗಿದ್ದೆವು. ಬಿಂದುಶ್ರೀ ತನ್ನ ಡಬ್ಬಿಯ ಅನ್ನವನ್ನು ಎಲೆಗೆ ಹಾಕಿಕೊಂಡು ಪಂಕ್ತಿಯಲ್ಲಿ ಕೂತಿದ್ದಳು. ನೆಂಟರಲ್ಲಿ ಒಬ್ಬಾಕೆ, "ಗಂಡು ನೋಡ್ತಾರೆ ಅಂತ ಡಯಟ್ಟೇನೇ? ಒಂದು ಹೋಳಿಗೆಗೆ ಪ್ರಾಣ ಹೋಗಲ್ಲ" ಎಂದು ಅವಳ ಅನ್ನದ ಮೇಲೆಯೇ ಹೋಳಿಗೆ ಹಾಕಿ ತುಪ್ಪ ಸುರಿದಳು. ಪ್ರೀತಿಯಿಂದಲೇ ಹಾಕಿದಳು. ಹೋಳಿಗೆಯ ಕಣಕ ಮೈದಾದ್ದು, ಮೈದಾ ಎಂದರೂ ಗೋಧಿಯೇ; ಎಲೆಯಲ್ಲಿದ್ದ ಅಷ್ಟೂ ಅನ್ನ ಹೋಯಿತು. ಪಂಕ್ತಿಯ ನಡುವೆ ಏಳುವ ಹಾಗಿಲ್ಲವಲ್ಲ. ಎಲ್ಲರೂ ಉಂಡು ಮುಗಿಸುವವರೆಗೆ ಆ ಎಲೆಯ ಮುಂದೆ ಕೈ ಕಟ್ಟಿ ಕೂತಳು. ಅದಾದ ಮೇಲೆ ಯಾವ ಸಮಾರಂಭಕ್ಕೂ ಬಂದಿಲ್ಲ.

ಇವತ್ತು ಬಂದಿದ್ದಾಳೆ. ನಾನು ಕರೆದದ್ದಕ್ಕೆ ಬಂದಿದ್ದಾಳೆ. ಇನ್ನು ಸ್ವಲ್ಪ ಹೊತ್ತಿಗೆ ನಿಮ್ಮ ಪಂಕ್ತಿಯಲ್ಲಿ ಕೂತು ತನ್ನ ಡಬ್ಬಿಯದನ್ನು ಉಣ್ಣುತ್ತಾಳೆ. ಅವಳ ಎಲೆಗೆ ಯಾರೂ ಏನೂ ಬಡಿಸಬಾರದು. ಒತ್ತಾಯ ಮಾಡಲೇಬೇಕು ಎನ್ನುವವರು ಅವಳ ಪಕ್ಕದ ಎಲೆಗೆ ಬನ್ನಿ. ಅಲ್ಲಿ ನಾನು ಕೂತಿರುತ್ತೇನೆ. ಎಷ್ಟು ಹೋಳಿಗೆ ಹಾಕಿದರೂ ಬೇಡ ಎನ್ನುವುದಿಲ್ಲ.

ಸನ್ಮಾನಿಸಿದ ಸಂಘಕ್ಕೂ, ಹಸಿದುಕೊಂಡು ಕೇಳಿದ ನಿಮಗೂ ಧನ್ಯವಾದ ಹೇಳಿ ಕೂರುತ್ತೇನೆ. ಎಲ್ಲರಿಗೂ ನಮಸ್ಕಾರ.