ಹೊಸ ಆವೃತ್ತಿ ಬಾರದ ಸೋಮವಾರ

ನಾನು, ಮುಸರತ ತಂದೆ ದಿ. ಹಫೀಜ ನದಾಫ, ವಯಸ್ಸು 31, ಉದ್ಯೋಗ ಕಂಪ್ಯೂಟರ್ ಪ್ರೋಗ್ರಾಮರ್, ಸಾ: ಗೋಕುಲ ರಸ್ತೆ, ಹುಬ್ಬಳ್ಳಿ, ಧಾರವಾಡದ ಬಾಡಿಗೆ ಮನೆಯೊಂದರ ಬಾಗಿಲನ್ನು ನಾನು ಮೀಟಿ ತೆರೆದ ಬಗ್ಗೆ ಪೊಲೀಸ್ ಠಾಣೆಯಲ್ಲಿ ವಿಚಾರಿಸಲಾಗಿ, ಈ ಮೂಲಕ ತಿಳಿಸುವುದೇನೆಂದರೆ:

ನಾನು ಗುರುಶಿದ್ದಪ್ಪ ಎಂಬುವವರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ರಕ್ತದಾನಿಗಳ ಹೆಸರುಗಳನ್ನು ಕನ್ನಡ ಅಕ್ಷರಕ್ರಮದಲ್ಲಿ ತೋರಿಸುವ ಪ್ರೋಗ್ರಾಮು ನನ್ನ ಹೊಣೆ. ಅದನ್ನೆಲ್ಲ ನಾವೇ ಬರೆದಿಲ್ಲ. ಬೇರೆಯವರು ಬರೆದು ಇಂಟರ್‌ನೆಟ್‌ನಲ್ಲಿ ಇಟ್ಟ ಭಾಗಗಳನ್ನು ಸೇರಿಸಿಕೊಂಡಿದ್ದೇವೆ. ಅವುಗಳಲ್ಲಿ ಯಾವುದಕ್ಕೆ ಹೊಸ ಆವೃತ್ತಿ ಬಂದು ನಮ್ಮಲ್ಲಿರುವುದು ಹಳೆಯದಾಗಿದೆ ಎಂದು ತಿಳಿಯಲು ಪ್ರತಿ ಸೋಮವಾರ ಕಪ್ಪು ಪರದೆಯ ಮೇಲೆ ಒಂದು ಸಾಲಿನ ಆದೇಶ ಟೈಪ್ ಮಾಡುತ್ತೇನೆ.

ಅಕ್ಷರಕ್ರಮದ ಭಾಗವನ್ನು ಬರೆದವರು ಧಾರವಾಡದ ಹನಮೇಶ ಕಡೇಮನಿ. ನಾನು ತಪ್ಪು ಕಂಡಾಗ ಇ-ಮೇಲ್ ಮಾಡುತ್ತಿದ್ದೆ. ಅವರು ತಿದ್ದಿ ಭಾನುವಾರ ಹೊಸ ಆವೃತ್ತಿ ಇಡುತ್ತಿದ್ದರು. ಸೋಮವಾರ ಪರದೆಯ ಮೇಲೆ ಅವರ ಭಾಗದ ಹೆಸರು ಬರುತ್ತಿತ್ತು. ಎರಡು ವರ್ಷ ಹೀಗೇ ನಡೆದಿತ್ತು. ನಾನು ಸದರಿಯವರನ್ನು ಕಂಡಿರಲಿಲ್ಲ. ನಾವು ಬೇರೆ ಮಾತು ಆಡಿದ್ದೂ ಇಲ್ಲ. ಆದರೆ ಅವರನ್ನು ಬಿಟ್ಟರೆ ನನ್ನ ಕೆಲಸ ತಿಳಿದವರು ಆಫೀಸಿನಲ್ಲೂ ಯಾರೂ ಇರಲಿಲ್ಲ.

ಕಳೆದ ಶುಕ್ರವಾರ ನಾನು ಒತ್ತಕ್ಷರದ ಒಂದು ತಪ್ಪನ್ನು ತಿಳಿಸಿದೆನು. ಭಾನುವಾರದೊಳಗೆ ಸರಿಮಾಡುವುದಾಗಿ ಉತ್ತರ ಬಂತು. ದಿನಾಂಕ 19-02-2007ರ ಸೋಮವಾರ ಬೆಳಿಗ್ಗೆ ಆದೇಶ ಕೊಟ್ಟಾಗ ಯಾವುದೂ ಹಳೆಯದಾಗಿಲ್ಲ ಎಂದು ಬಂತು. ಮತ್ತೊಮ್ಮೆ ಕೊಟ್ಟೆನು. ಅದೇ ಬಂತು. ಅಂದರೆ ಅವರು ಹೊಸ ಆವೃತ್ತಿ ಇಟ್ಟಿರಲಿಲ್ಲ; ಹೇಳಿದ ಮಾತು ತಪ್ಪಿದ್ದು ಎರಡು ವರ್ಷದಲ್ಲಿ ಇದೇ ಮೊದಲು. ಅವರ ಇ-ಮೇಲಿನ ಕೆಳಗಿದ್ದ ನಂಬರಿಗೆ ಫೋನ್ ಮಾಡಿದೆನು; ರಿಂಗಾಯಿತು, ಯಾರೂ ಎತ್ತಲಿಲ್ಲ.

ಗುರುಶಿದ್ದಪ್ಪನವರಿಗೆ ಹೇಳಿದೆನು. “ಎಲ್ಲಾ ಹೊಸಾದ ಐತಿ ಅಂತ ಕಂಪ್ಯೂಟರ ಹೇಳಾಕತ್ತೈತಿ, ಮತ್ಯಾಕ ಚಿಂತಿ ಮಾಡ್ತೀರಿ?” ಎಂದರು. ನಾನು ಅರ್ಧ ದಿನ ರಜೆ ಕೇಳಿ, ಹನಮೇಶ ಅವರ ಪ್ರೋಗ್ರಾಮಿನ ಕೊನೆಯಲ್ಲಿದ್ದ ವಿಳಾಸ ಬರೆದುಕೊಂಡು ಧಾರವಾಡದ ಬಸ್ ಹತ್ತಿದೆನು.

ಸಪ್ತಾಪುರದ ಆ ಮನೆಯ ಮಾಲಕರಾದ ದೇವಕ್ಕ ಮುಂಭಾಗದಲ್ಲೇ ಇರುತ್ತಾರೆ. “ಅವರು ಮಾತಾಡೂದ ಕಡಿಮಿ ತಂಗಿ. ಊರಿಗೆ ಹೋಗಿರಬೇಕು,” ಎಂದರು. ಹಿಂಭಾಗದ ಕೋಣೆಯ ಬಾಗಿಲ ಮುಂದೆ ಒಂದು ಜೊತೆ ಚಪ್ಪಲಿ ಇತ್ತು. “ಚಪ್ಪಲಿ ಇಲ್ಲೇ ಅದಾವಲ್ರಿ,” ಎಂದೆನು. ಅವರು ಅದನ್ನೇ ನೋಡುತ್ತ ನಿಂತರು.

ಬಾಗಿಲು ಬಡಿದೆನು. ಒಳಗೆ ಯಾವುದೋ ಪಾತ್ರೆ ನೆಲಕ್ಕೆ ತಾಗಿದ ಸಪ್ಪಳ ಒಮ್ಮೆ ಕೇಳಿ ನಿಂತಿತು. ದೇವಕ್ಕ ಓಡಿಹೋಗಿ ಹಾರೆ ತಂದರು. ಒಳಗಿನಿಂದ ಹಾಕಿದ್ದ ಚಿಲಕವನ್ನು ನಾನೇ ಮೀಟಿದೆನು.

ಬಚ್ಚಲ ಹೊಸ್ತಿಲಲ್ಲಿ ಒಬ್ಬ ಗಂಡಸು ಬಿದ್ದಿದ್ದರು. ಹಣೆಯ ಗಾಯದ ರಕ್ತ ಒಣಗಿತ್ತು. ಬಲಗೈ, ಬಲಗಾಲು ಅಲುಗುತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ. ಎಡಗೈಯಲ್ಲಿ ಸ್ಟೀಲಿನ ಲೋಟ ಇತ್ತು. ದೇವಕ್ಕ ಗೋಡೆಗೆ ಒರಗಿ ಕುಳಿತು, “ನಿನ್ನೆಯಿಂದ ಸಪ್ಪಳ ಕೇಳಾಕತ್ತಿತ್ತು. ಮಗ್ಗಲ ಮನ್ಯಾಗ ಏನೋ ಕುಟ್ಟಾಕತ್ತಾರ ಅಂತ ಸುಮ್ಮನಾದ್ನಿ,” ಎಂದು ಅತ್ತರು.

ನಾನು ಹನಮೇಶ ಅವರಿಗೆ ನನ್ನ ಹೆಸರು ಹೇಳಿದೆನು. ಅವರು ಲೋಟ ಬಿಟ್ಟು ನನ್ನ ದುಪಟ್ಟಾದ ಅಂಚು ಹಿಡಿದರು. ಆಟೋದಲ್ಲಿ ಆಸ್ಪತ್ರೆ ಮುಟ್ಟುವವರೆಗೂ ಬಿಡಲಿಲ್ಲ.

ಲಕ್ವ ಹೊಡೆದು ಬಿದ್ದಿದ್ದಾರೆ, ಜೀವಕ್ಕೆ ಅಪಾಯವಿಲ್ಲ, ಮಾತು ನಿಧಾನವಾಗಿ ಬರಬಹುದು ಎಂದು ಡಾಕ್ಟರರು ತಿಳಿಸಿದರು. ಸಂಜೆ ಸುಳ್ಳ ಎಂಬ ಹಳ್ಳಿಯಿಂದ ಅವರ ಅಕ್ಕ ಬೀರವ್ವ ಬಂದರು. ನನ್ನ ಪಕ್ಕದಲ್ಲಿ ಕುಳಿತು, “ನಿನಗ ಹೆಂಗ ತಿಳೀತವ್ವಾ? ನಮಗ ತಿಳೀಲಿಲ್ಲ,” ಎಂದರು. ನಾನು ಮೇಲೆ ಹೇಳಿದ್ದನ್ನೇ ಹೇಳಿದೆನು. ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು. ನನ್ನ ತಲೆಯ ಮೇಲೆ ಕೈ ಇಟ್ಟರು.

ಹನಮೇಶ ಅವರಿಗೆ ಯಾರೂ ಹೊಡೆದಿಲ್ಲ. ನನಗೆ ಯಾರ ಮೇಲೂ ದೂರಿಲ್ಲ. ಅವರಿಗೂ ನನಗೂ ಏನು ಸಂಬಂಧ ಎಂದು ತಾವು ಕೇಳಿದ್ದಕ್ಕೆ, ಕೆಲಸದ ಪರಿಚಯ ಎಂದು ಬರೆಸಿದ್ದೇನೆ.

ತಾಯಿ ತೀರಿದ ಮೇಲೆ ನಾನೂ ಒಬ್ಬಳೇ ಇರುತ್ತೇನೆ. ಆ ದಿನ ಹುಬ್ಬಳ್ಳಿಗೆ ಮರಳಿದವಳು ಎದುರು ಮನೆಯ ರೆಹಮತ್‌ಬಿ ಅವರ ಬಳಿ ಹೋಗಿ, ಬೆಳಿಗ್ಗೆ ಹಾಲು ಬಂದ ಮೇಲೂ ನನ್ನ ಬಾಗಿಲು ತೆರೆಯದಿದ್ದರೆ ಒಮ್ಮೆ ಬಡಿಯಿರಿ ಎಂದು ಕೇಳಿಕೊಂಡೆನು. ಎಲ್ಲಿಗಾದರೂ ಹೊರಟಿದ್ದೀಯಾ ಎಂದು ಅವರು ಕೇಳಿದರು. ಇಲ್ಲ, ಇಲ್ಲೇ ಇರುತ್ತೇನೆ ಎಂದೆನು.

ಬರೆದದ್ದನ್ನು ನಾನೇ ಓದಿ ನೋಡಿದ್ದೇನೆ. ನಾನು ಕಂಡದ್ದು, ಮಾಡಿದ್ದು ಇಷ್ಟೇ, ಇದು ನಿಜ.

ಸ್ಥಳ: ಧಾರವಾಡ
ದಿನಾಂಕ: 21-02-2007
(ಸಹಿ) ಮುಸರತ ನದಾಫ