ಕಡ್ಡಿಗೆ ಕಟ್ಟಿದ ಬಿಳಿ ಬಟ್ಟೆಯ ಕುರಿತು

ಹೆಸರು ಬೂರುಲ್ಚಾ, ಎಸೆನ್ ಎಂಬವರ ಮಗಳು. ವಯಸ್ಸು 63 ವರ್ಷ. ಕಸುಬು ಕುರಿ ಮತ್ತು ಕುದುರೆ ಸಾಕಣೆ. ವಾಸ ಚಳಿಗಾಲದಲ್ಲಿ ತಾಶ್-ಬುಲಾಕ್ ಗ್ರಾಮ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಗ್ರಾಮದ ಮೇಲಿನ ಹುಲ್ಲುಗಾವಲಿನಲ್ಲಿರುವ ನಮ್ಮ ಗುಡಾರ.

ಯಾರೂ ಹೇಳಿ ಕಳಿಸದೆ ನಾನಾಗಿಯೇ ಠಾಣೆಗೆ ಬಂದು ಈ ದಿನ ಬರೆಸುವುದೇನೆಂದರೆ, ಶಾಲಾ ಶಿಕ್ಷಕ ಎರ್ಮೆಕ್ (24 ವರ್ಷ) ಬೆಟ್ಟದಿಂದ ರೆಕ್ಕೆಬಟ್ಟೆ (ಪ್ಯಾರಾಗ್ಲೈಡರ್) ಕಟ್ಟಿಕೊಂಡು ಹಾರುವಾಗ ಬಿದ್ದ ವಿಷಯದಲ್ಲಿ, ಅವನಿಗೆ ಹಾರುವುದನ್ನು ಕಲಿಸಿದ ಟ್ರ್ಯಾಕ್ಟರ್ ಮೆಕ್ಯಾನಿಕ್ ತೊಕ್ತೊಸುನ್ (31 ವರ್ಷ) ಮೇಲೆ ನಾಳೆ ಮೊಕದ್ದಮೆ ದಾಖಲಾಗುವುದೆಂದು ಕೇಳಿದ್ದೇನೆ. ಅದು ಆಗಬಾರದು. ಈ ತೊಕ್ತೊಸುನ್ ನನಗೆ ಬೇಕಾದವನೇನಲ್ಲ. ಬಾಯಿ ಒರಟು. ಎರಡು ಸಲ ನನ್ನ ಕುರಿಗಳ ಮೇಲೇ ಹಾರಿ ಬಂದು ಬೆದರಿಸಿ ಚೆಲ್ಲಾಪಿಲ್ಲಿ ಮಾಡಿದ್ದಾನೆ. ಆದರೂ ನಡೆದದ್ದು ನಡೆದಂತೆ ಹೇಳಬೇಕು.

ನಮ್ಮ ಗುಡಾರದಿಂದ ಅವರು ಹಾರುವ ಜಾಗಕ್ಕೆ ಎರಡು ಕಿಲೋಮೀಟರ್ ಕಡಿದಾದ ಏರು. ಎರ್ಮೆಕ್ ಪ್ರತಿ ಭಾನುವಾರ ಎಂಟು ಕಿಲೋ ಚೀಲ ಹೊತ್ತು ನಡೆದೇ ಹತ್ತುತ್ತಾನೆ, ಇಳಿಯುವುದು ಮಾತ್ರ ಗಾಳಿಯಲ್ಲಿ. ಜುಲೈ 13ರ ಶನಿವಾರ ಸಂಜೆ 5 ಗಂಟೆಗೆ ತಪ್ಪಿಸಿಕೊಂಡ ಹೆಣ್ಣುಕುದುರೆಯನ್ನು ಹುಡುಕುತ್ತಾ ನಾನು ಆ ಜಾಗಕ್ಕೆ ಹೋದೆ. ಹುಲ್ಲು ಸಮನಾಗಿರುವ ಕಡೆಯಿಂದ ನಲವತ್ತು ಹೆಜ್ಜೆ ಕೆಳಗೆ, ಬೆಟ್ಟದ ಅಂಚಿನಲ್ಲಿ, ಎದೆಯೆತ್ತರದ ಕಡ್ಡಿ ನೆಟ್ಟು ಅದರ ತುದಿಗೆ ಮೊಳದುದ್ದದ ಕೆಂಪು ಪಟ್ಟಿ ಕಟ್ಟಿತ್ತು. ನಮ್ಮ ಬೆಟ್ಟಗಳಲ್ಲಿ ಕಡ್ಡಿಗೆ, ಮರಕ್ಕೆ, ಬುಗ್ಗೆಯ ಪಕ್ಕದ ಪೊದೆಗೆ ಬಟ್ಟೆ ಕಟ್ಟಿದ್ದರೆ ಅದು ಯಾರದೋ ಹರಕೆ. ಇದೂ ಹಾಗೆಯೇ, ಪಾಪ, ಹುಡುಗರು ಹಾರುವ ಮೊದಲು ಬೇಡಿಕೊಂಡು ಕಟ್ಟಿದ್ದಾರೆ ಎಂದುಕೊಂಡೆ. ನೋಡಿ ಸಂತೋಷವೇ ಆಯಿತು.

ನಾನು ನನ್ನ ತಲೆವಸ್ತ್ರದ ಅಂಚಿನಿಂದ ಒಂದು ಗೇಣು ಬಿಳಿ ಬಟ್ಟೆ ಹರಿದು, ಎರ್ಮೆಕ್ ಕೈಕಾಲು ಮುರಿಯದೆ ಇಳಿಯಲಿ ಎಂದು ಬೇಡಿಕೊಂಡು ಅದೇ ಕಡ್ಡಿಗೆ ಕಟ್ಟಿದೆ. ಕೆಂಪು ಪಟ್ಟಿ ಗಾಳಿಗೆ ಪಟಪಟ ಬಡಿದುಕೊಂಡು ಹರಿಯುವಂತಿತ್ತು. ಅದನ್ನೂ ಒಳಗೆ ಸೇರಿಸಿ ಸುತ್ತಿ ಮೂರು ಗಂಟು ಬಿಗಿದೆ. ಅದು ಗಾಳಿಯ ದಿಕ್ಕು ನೋಡುವುದಕ್ಕೆ ತೊಕ್ತೊಸುನ್ ನೆಟ್ಟಿದ್ದ ಪಟ್ಟಿ ಎಂದು ನನಗೆ ಆಗ ಗೊತ್ತಿರಲಿಲ್ಲ.

ಮರುದಿನ, ಭಾನುವಾರ ಬೆಳಿಗ್ಗೆ 8.15ಕ್ಕೆ ಎರ್ಮೆಕ್ ಗುಡಾರದ ಬಳಿ ಬಂದ. ನಾನು ಒಂದು ಬಟ್ಟಲು ಮಜ್ಜಿಗೆ ಕೊಟ್ಟೆ. "ಬೇಡ ಅಪಾ, ಮೇಲೆ ಹೋದ್ಮೇಲೆ ಹೊಟ್ಟೆ ಕುಲುಕುತ್ತೆ" ಎಂದ. ನಮ್ಮ ಕಡೆ ಹಿರಿಯ ಹೆಂಗಸನ್ನು ಅಪಾ ಎಂದೇ ಕರೆಯುವುದು. "ಕುಡಿಯೋ ಸುಮ್ನೆ. ಹಸಿದ ಹೊಟ್ಟೇಲಿ ಯಾರಾದ್ರೂ ಆಕಾಶಕ್ಕೆ ಹೋಗ್ತಾರಾ? ದೇವರು ಎರಡು ಕಾಲು ಕೊಟ್ಟ, ಅಪ್ಪ ಕುದುರೆ ಕೊಟ್ಟ, ಇನ್ನೂ ಸಾಲಲಿಲ್ವಾ ನಿನಗೆ" ಎಂದು ಗದರಿದೆ. "ಹತ್ತೋಕೆ ಕಾಲು ಸಾಕು ಅಪಾ. ಇಳಿಯೋವಾಗ ಮಂಡಿ ನೋಯುತ್ತಲ್ಲ, ಅದಕ್ಕೆ ಇದು" ಎಂದು ಚೀಲ ತಟ್ಟಿ ನಕ್ಕ. ಬಟ್ಟೆ ಕಟ್ಟಿದ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಹರಕೆಯನ್ನು ಬಾಯಿಬಿಟ್ಟು ಹೇಳಿದರೆ ಫಲವಿಲ್ಲ ಎಂದು ನನ್ನ ತಾಯಿ ಹೇಳುತ್ತಿದ್ದಳು. ಹೇಳಲಿಲ್ಲ. ಅವನು 8.30ಕ್ಕೆ ಹೊರಟ.

10.50ರ ಸುಮಾರಿಗೆ ಅವನ ಹಳದಿ ರೆಕ್ಕೆ ಎದ್ದಿತು. ಅಂಚು ದಾಟಿದ ಕೂಡಲೇ ಎಡಗಡೆಯಿಂದ ಗಾಳಿ ಹೊಡೆದು ರೆಕ್ಕೆಯ ಒಂದು ಬದಿ ಮಡಚಿಕೊಂಡಿತು. ಅವನು ಇಪ್ಪತ್ತು ಮೀಟರ್ ಕೆಳಗೆ ಕಲ್ಲಿನ ಮೇಲೆ ಬಿದ್ದ. ನಾನು ಕುದುರೆಯ ಮೇಲೆ 35 ನಿಮಿಷದಲ್ಲಿ ಅಲ್ಲಿಗೆ ತಲುಪಿದೆ. ಅವನಿಗೆ ಎಚ್ಚರವಿತ್ತು. ಕಾಲು ಇದೆಯಾ ನೋಡಿ ಅಪಾ, ನನಗೆ ಗೊತ್ತಾಗ್ತಿಲ್ಲ ಎಂದು ಕೇಳಿದ. ಕೆಳಗಿನ ಮೈದಾನದಲ್ಲಿ ವೈರ್‌ಲೆಸ್ ಹಿಡಿದು ನಿಂತಿದ್ದ ತೊಕ್ತೊಸುನ್ ಓಡಿಕೊಂಡೇ ಹತ್ತಿ 12.10ಕ್ಕೆ ಬಂದ. ಅವನ ಬೂಟಿನೊಳಗೆ ರಕ್ತ ಬಂದಿತ್ತು.

ಸೋಮವಾರ ಪೊಲೀಸರು ಬಂದು ಕಡ್ಡಿಯ ಫೋಟೋ ತೆಗೆದರು. ಗಾಳಿಪಟ್ಟಿಯನ್ನು ಬಟ್ಟೆ ಸುತ್ತಿ ಕಟ್ಟಿದವನು ತೊಕ್ತೊಸುನನೇ, ತನ್ನ ಮಗನ ಬೆನ್ನು ಮುರಿದವನು ಅವನೇ ಎಂದು ಎರ್ಮೆಕ್‌ನ ತಂದೆ ದೂರು ಕೊಟ್ಟರು. ತಾನು ಕಟ್ಟಿಲ್ಲವೆಂದು ತೊಕ್ತೊಸುನ್ ಹೇಳಿದರೂ ಊರಲ್ಲಿ ಯಾರೂ ನಂಬಲಿಲ್ಲ. ಆ ಫೋಟೋ ನೋಡಿದ ಕೂಡಲೇ ನನಗೆ ಎಲ್ಲವೂ ಅರ್ಥವಾಯಿತು. ಆದರೂ ಮೂರು ದಿನ ಬಾಯಿ ಬಿಡಲಿಲ್ಲ. ಹೆದರಿಕೆಯಾಗಿತ್ತು. ನಾಚಿಕೆಯೂ ಆಗಿತ್ತು.

ಗುರುವಾರ ಮಧ್ಯಾಹ್ನ 3 ಗಂಟೆಗೆ ಆಸ್ಪತ್ರೆಗೆ ಹೋದೆ. ಎರ್ಮೆಕ್‌ನ ಬೆನ್ನಿನ ಎರಡು ಮೂಳೆ ಮತ್ತು ಎಡ ಸೊಂಟ ಮುರಿದಿದೆ. ನಡೆಯುತ್ತಾನೋ ಇಲ್ಲವೋ ಎಂದು ವೈದ್ಯರು ಈಗಲೇ ಹೇಳಲಾರರು. ನಾನು ಎಲ್ಲವನ್ನೂ ಹೇಳಿದೆ. ಎರ್ಮೆಕ್ ತನ್ನ ಕಡೆಯದನ್ನು ತಿಳಿಸಿದ: "ಬಿಳಿ ಬಟ್ಟೆ ಕಂಡು ತೊಕ್ತೊಸುನ್ ಹೊಸ ಪಟ್ಟಿ ಕಟ್ಟಿದ್ದಾನೆಂದುಕೊಂಡೆ. ನಾನು ನಿಂತ ಕಡೆ ಗಾಳಿ ತಿಳಿಯುತ್ತಿರಲಿಲ್ಲ, ಅಂಚಿನ ಆ ಬಟ್ಟೆಯೂ ಅಲುಗಾಡದ್ದರಿಂದ ಗಾಳಿಯಿಲ್ಲವೆಂದು ವೈರ್‌ಲೆಸ್‌ನಲ್ಲಿ ಹೇಳಿದೆ, ಹಾಗಾದರೆ ಹೊರಡು ಎಂದು ಅವನು ಹೇಳಿದ." ಹಿಂದಿನ ದಿನ ನೋಡಲು ಬಂದಿದ್ದ ತೊಕ್ತೊಸುನನನ್ನು ಬೈದು ಹೊರಗೆ ಕಳಿಸಿದ್ದನಂತೆ. ಆಮೇಲೆ "ನನಗೋಸ್ಕರ ಕಟ್ಟಿದ್ದಾ ಅಪಾ" ಎಂದು ಕೇಳಿದ. ಹೌದು ಎಂದೆ. ಅವನು ಗೋಡೆಯ ಕಡೆ ಮುಖ ಮಾಡಿ ಅತ್ತ. ನನಗೆ ಅಳುವುದಕ್ಕೂ ಮುಖವಿರಲಿಲ್ಲ. "ಠಾಣೆಗೆ ಹೋಗಿ ಹೇಳಿ. ತೊಕ್ತೊಸುನ್ ನಿದ್ದೆ ಮಾಡಿರಲ್ಲ" ಎಂದ. ಆ ದಿನ ವಾಪಸು ಬಸ್ಸು ಇರಲಿಲ್ಲ. ಈ ದಿನ ಮೊದಲ ಬಸ್ಸಿಗೆ ಬಂದಿದ್ದೇನೆ.

ಇಂಥ ತಪ್ಪಿಗೆ ಕಾನೂನಿನಲ್ಲಿ ಏನಿದೆಯೋ ನಾನರಿಯೆ. ಏನಿದ್ದರೂ ಅದು ನನ್ನ ಹೆಸರಿನಲ್ಲಿರಲಿ.

ನನ್ನ ಕನ್ನಡಕ ಗುಡಾರದಲ್ಲಿ ಉಳಿದಿರುವುದರಿಂದ ಪೇದೆಯವರು ಈ ಬರಹವನ್ನು ಗಟ್ಟಿಯಾಗಿ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ. ಒಂದು ಕಡೆ ಮಾತ್ರ ಅವರು ನನ್ನ ಮೇಲಿನ ಕರುಣೆಯಿಂದ "ತಿಳಿಯದೆ ಕಟ್ಟಿದ್ದೇನೆ" ಎಂದು ಸೇರಿಸಿದ್ದರು. ಅದನ್ನು ನನ್ನ ಎದುರೇ ಹೊಡೆದುಹಾಕಿಸಿದ್ದೇನೆ. ಅದು ಗಾಳಿಪಟ್ಟಿಯೆಂದು ತಿಳಿದಿರಲಿಲ್ಲ, ನಿಜ. ಬಟ್ಟೆಯನ್ನಂತೂ ಆ ಹುಡುಗನ ಮೇಲಿನ ಪ್ರೀತಿಗೆ, ತಿಳಿದೇ ಕಟ್ಟಿದ್ದೇನೆ.

ಸ್ಥಳ: ತಾಶ್-ಬುಲಾಕ್ ಠಾಣೆ
ದಿನಾಂಕ: 19 ಜುಲೈ, ಶುಕ್ರವಾರ, ಬೆಳಿಗ್ಗೆ 9.40
ಸಹಿ: ಬೂರುಲ್ಚಾ