ಉಂಡ ಮೇಲೆ ಬಂದ ಕರೆ

ಆಸ್ಪತ್ರೆಯ ಬೆಂಚಿನಲ್ಲಿ ಅಜ್ಜಿಗಾಗಿ ಕಾಯುತ್ತಿದ್ದ ಹುಡುಗಿಯ ಪಕ್ಕದಲ್ಲಿ, ಕಾಲಿಗೆ ಪ್ಲಾಸ್ಟರ್ ಹಾಕಿದ್ದ ಬಡಗಿಯೊಬ್ಬ ಹೆಂಡತಿಯೊಡನೆ ಮನೆಗೆ ಹೊರಟು ಕೂತಿದ್ದ. ಹುಡುಗಿ ತಲೆ ತಗ್ಗಿಸಿದ್ದಳು. ಕಿವಿ ಮಾತ್ರ ಅತ್ತಲೇ ಇತ್ತು.

"ಏನೇ ಹೇಳು, ನನ್ನ ಜೀವ ಉಳಿಸಿದ್ದು ಈ ವಾಚು. ಕೆಲಸಕ್ಕೆ ಹೋದ ಖಾಲಿ ಮನೆಯಲ್ಲಿ ಒಬ್ಬನೇ ಪ್ರಜ್ಞೆ ತಪ್ಪಿ ಬಿದ್ದಿದ್ದೆ. ಇನ್ನೊಂದು ಗಳಿಗೆ ರಕ್ತ ಹೋಗಿದ್ರೆ ಮುಗೀತಿತ್ತು ಅಂದ್ರು ಡಾಕ್ಟ್ರು. ನಾನು ಬಿದ್ದಿದ್ದು ತಿಳಿದು ತಾನಾಗೇ ನಿನಗೆ ಫೋನ್ ಮಾಡ್ತಲ್ಲ!"

"ದಿನಾ ಮಾಡತ್ತೆ ರೀ. ನೀವು ಸುತ್ತಿಗೆ ಬೀಸಿ ಕೈ ಕುಲುಕಿದ್ರೆ ಸಾಕು, ನಿಮ್ಮೋರು ಬಿದ್ರು ಅಂತ ಬೊಬ್ಬೆ ಹೊಡೆಯತ್ತೆ."

"ಮತ್ತೆ ಅವತ್ತು ಹೇಗೆ ನಂಬಿದೆ?"

"ಅವತ್ತು ಕರೆ ಬಂದಿದ್ದು ಮಧ್ಯಾಹ್ನದ ಊಟದ ಹೊತ್ತು ಕಳೆದ ಕೂಡಲೇ. ಉಂಡು ಒಂದು ನಿದ್ದೆ ತೆಗೀದೆ ನೀವು ಯಾವತ್ತಾದ್ರೂ ಸುತ್ತಿಗೆ ಮುಟ್ಟಿದ್ದುಂಟಾ? ಇದು ನಿಜವಾಗ್ಲೂ ಬಿದ್ದಿದ್ದೇ ಅಂತ ಗೊತ್ತಾಗಿ, ಎದ್ದೆನೋ ಬಿದ್ದೆನೋ ಅಂತ ಓಡಿ ಬಂದೆ."

"ಕೆಲಸಕ್ಕೆ ಅಂತ ಎತ್ತರದಲ್ಲಿ ಕಟ್ಟಿದ್ದ ಅಟ್ಟಣಿಗೆ ಹಲಗೆ ಮೇಲೇ ಮಲಗಿದ್ದೆ ಕಣೇ. ಮಗ್ಗುಲು ಬದಲಾಯಿಸಿದ್ದಷ್ಟೇ ನೆನಪು."

"ನೋಡಿದ್ರಾ! ನಿಮ್ಮ ಸೋಮಾರಿತನ ಬಲ್ಲೋಳು ನಾನೊಬ್ಬಳೇ."

ಬಡಗಿ ವಾಚನ್ನು ಸವರಿದ. "ಆದ್ರೂ ಕರೆದಿದ್ದು ಇದೇ ತಾನೆ?"

"ಕರೀತು, ಇಲ್ಲ ಅನ್ನಲ್ಲ. ಬಂದೋಳು ನಾನು. ಏಳಿ, ಈಗ ಅದರ ಹೆಗಲಿಗೆ ಒರಗ್ತೀರೋ, ನನ್ನ ಹೆಗಲಿಗೋ?"

ಅವನು ನಗುತ್ತ ಅವಳ ಹೆಗಲ ಮೇಲೆ ಕೈ ಹಾಕಿದ. ಕುಸ್ತಿ ಗೆದ್ದವಳಂತೆ ಎದೆಯುಬ್ಬಿಸಿ, ಅವಳು ಅವನನ್ನು ಬಾಗಿಲತ್ತ ನಡೆಸಿಕೊಂಡು ಹೋದಳು.